ಮುದುಕಿಯ ಮೈಬಣ್ಣ

ಮಾರ್ಚ್ 3, ಸೋಮವಾರ

ಭಾವ ಬಂದರು. ಎರಡೂ ಕೈಗೆ ಪ್ಲಾಸ್ಟರ್, ಬೆರಳ ಬುಡದಿಂದ ಮೊಣಕೈವರೆಗೆ. ಏಣಿಯಿಂದ ಇಳಿಯುವಾಗ ಮೆಟ್ಟಿಲು ಮುಗಿಯಿತು ಅಂದುಕೊಂಡರಂತೆ. ಇನ್ನೂ ಮೂರು ಉಳಿದಿದ್ದವು. ಬಿಚ್ಚುವುದು ಏಪ್ರಿಲ್ 12ಕ್ಕೆ. ಮದುವೆಯಾಗದ ಅಣ್ಣ, ಎರಡೂ ಕೈ ಕಟ್ಟಿಸಿಕೊಂಡು ಒಬ್ಬನೇ ಹೇಗಿರುತ್ತಾನೆ ಎಂದು ಇವರು ಕೇಳಿದಾಗ ಆಗಲಿ ಎಂದೆ. ಆಗದು ಎನ್ನಲು ಸಭ್ಯವಾದ ವಾಕ್ಯ ಹೊಳೆಯಲಿಲ್ಲ.

ಔಷಧಿ ಡಬ್ಬಿಯೊಳಗೆ ಮಡಚಿ ಇಡುವ ಕಾಗದವಿರುತ್ತದಲ್ಲ, ಅದರ ಕರಡು ತಿದ್ದುವುದು ನನ್ನ ಕೆಲಸ. ಒಂದು ಸೊನ್ನೆ ಹೆಚ್ಚಾದರೆ ಯಾರದೋ ಪ್ರಾಣಕ್ಕೆ ಬರುತ್ತದೆ. ಅದಕ್ಕೆ ಮೌನ ಬೇಕು. ಭಾವ ವಿಮಾನ ರಿಪೇರಿಯ ಶೆಡ್ಡಿನಲ್ಲಿ ಇಪ್ಪತ್ತೇಳು ವರ್ಷದಿಂದ ತಗಡಿನ ಕೆಲಸ ಮಾಡುವವರು. ತಗಡಿಗೆ ತಗಡು ಬಿಗಿಯುವ ರಿವೆಟ್ ಮೊಳೆ ಹೊಡೆಯುವ ಸದ್ದನ್ನು ಮೀರಿ ಕೇಳಿಸಬೇಕೆಂದು ಬೆಳೆಸಿಕೊಂಡ ದನಿ. ‘ಸಾಕು, ಹೊಟ್ಟೆ ತುಂಬಿತು’ ಎಂಬುದನ್ನೂ ಅದೇ ದನಿಯಲ್ಲಿ ಹೇಳುತ್ತಾರೆ.

ಜೊತೆಗೆ ಒಂದು ಬಟ್ಟೆಚೀಲ, ಎರಡು ರಟ್ಟಿನ ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ‘ಅಲುಗಿಸಬಾರದು’ ಎಂದು ದಪ್ಪಕ್ಷರದಲ್ಲಿ ಬರೆದಿದೆ.

ಇನ್ನು 40 ದಿನ.

ಮಾರ್ಚ್ 4, ಮಂಗಳವಾರ

ಇವರು ರೈಲು ಓಡಿಸುವವರು. ಮನೆಯಲ್ಲಿದ್ದ ದಿನ ಅಣ್ಣನ ಸ್ನಾನ, ಬಟ್ಟೆ ಎಲ್ಲ ಇವರದು. ಇಲ್ಲದ ದಿನ ಊಟ, ಟೀ, ಕನ್ನಡಕ ನನ್ನದು. ಇಂದು ಬೆಳಿಗ್ಗೆ ನಾಲ್ಕನೇ ಪುಟದಲ್ಲಿದ್ದಾಗ ಪಕ್ಕದ ಕೋಣೆಯಿಂದ ಕರೆ ಬಂತು.

“ಅಮ್ಮಾ ತಾಯಿ, ಸ್ವಲ್ಪ ಮೂಗು ಕೆರೀತೀಯಾ?”

“ಯಾವ ಕಡೆ?”

“ಎರಡೂ ಕಡೆ. ಎಡಗಡೆಯಿಂದ ಶುರು ಮಾಡು, ಅದು ಬೆಳಿಗ್ಗೆಯಿಂದ ಕಾಯ್ತಾ ಇದೆ.”

ಪೆನ್ಸಿಲ್ ತುದಿಯ ರಬ್ಬರಿನಿಂದ ಕೆರೆದೆ.

ಇನ್ನು 39 ದಿನ.

ಮಾರ್ಚ್ 6, ಗುರುವಾರ

ಒಂದು ಪೆಟ್ಟಿಗೆಯಲ್ಲಿ ವಿಮಾನವಿದೆ, ಇನ್ನೊಂದರಲ್ಲಿ ಬಣ್ಣದ ಸಾಮಾನು. ನಿಜವಾದ ವಿಮಾನದ ನಲವತ್ತೆಂಟನೇ ಒಂದು ಪಾಲು, ಪ್ಲಾಸ್ಟಿಕ್ಕಿನದು. ಜೋಡಿಸಿಯಾಗಿದೆ, ಬಣ್ಣ ಬಾಕಿ. ಮೂಲ ವಿಮಾನ ಅಂಚೆ ಹೊರುತ್ತಿದ್ದ ಎರಡು ಎಂಜಿನ್ನಿನ ಹಳೆಯದು; ಮೈಗೆ ಬಣ್ಣವಿಲ್ಲದ ಬರಿ ಅಲ್ಯೂಮಿನಿಯಂ. ಶೆಡ್ಡಿನವರೆಲ್ಲ ಅದನ್ನು ‘ಮುದುಕಿ’ ಎನ್ನುತ್ತಿದ್ದರು. ಜನವರಿಯಲ್ಲಿ ಕತ್ತರಿಸಿ ಗುಜರಿಗೆ ಹಾಕಿದರಂತೆ.

ಶೆಡ್ಡಿನ ಬಾಗಿಲಲ್ಲಿ ಒಂದು ಗಾಜಿನ ಪೆಟ್ಟಿಗೆ ಕಟ್ಟಿಸಿದ್ದಾರೆ, ಮುದುಕಿಯ ನೆನಪಿಗೆ. ಏಪ್ರಿಲ್ 17ಕ್ಕೆ ಅದಕ್ಕೆ ಬೀಗ ಹಾಕುತ್ತಾರೆ. ಮ್ಯಾನೇಜರು ಆಗಲೇ ಅಂಗಡಿಯಿಂದ ಒಂದು ಸಿದ್ಧ ಮಾದರಿ ತರಿಸಿಟ್ಟಿದ್ದಾರೆ.

“ಫಳಫಳ ಅಂತಿದೆ,” ಎಂದರು ಭಾವ. “ಅದು ನಮ್ಮ ಮುದುಕಿ ಅಲ್ಲಮ್ಮ. ಯಾವಳೋ ಮದುಮಗಳು. ಅಷ್ಟರೊಳಗೆ ನಂದು ತಂದ್ರೆ ನಂದೇ ಇಡ್ತೀನಿ ಅಂತ ಮಾತು ಕೊಟ್ಟಿದ್ದಾರೆ. ಇಲ್ದಿದ್ರೆ ಆ ಮದುಮಗಳು ಒಳಗೆ ಹೋಗ್ತಾಳೆ, ನಾನು ದಿನಾ ಬೆಳಿಗ್ಗೆ ಅವಳ ಮುಖ ನೋಡ್ಕೊಂಡು ಕೆಲಸಕ್ಕೆ ಹೋಗ್ಬೇಕು.”

“ಪ್ಲಾಸ್ಟರ್ 12ಕ್ಕೆ ಬಿಚ್ಚುತ್ತಾರಲ್ಲ.”

“ಐದು ದಿನದಲ್ಲಿ ಆಗೋ ಕೆಲಸ ಅಲ್ಲ. ಒಂದು ತಿಂಗಳದ್ದು. ಎರಡು ಕೈ ಬೇಕು.”

ಅವರು ನನ್ನ ಕೈ ನೋಡಿದರು. ನಾನು ಗೋಡೆ ನೋಡಿದೆ.

ಇನ್ನು 37 ದಿನ.

ಮಾರ್ಚ್ 9, ಭಾನುವಾರ

ಮೂರು ದಿನ ಗೋಡೆಯಾಚೆಯಿಂದ ನಿಟ್ಟುಸಿರು. ಕೊನೆಗೆ ಕರಾರು ಬರೆದೆ: ದಿನಕ್ಕೆ ಒಂದು ಗಂಟೆ ನನ್ನ ಕೈ ಅವರದು, ಉಳಿದ ಹೊತ್ತು ಅವರ ಬಾಯಿ ನನ್ನದು. ಸಹಿಗೆ ಅವರಿಗೆ ಕೈಯಿಲ್ಲ. ಪ್ಲಾಸ್ಟರಿನಿಂದ ಇಣುಕುವ ಹೆಬ್ಬೆರಳನ್ನು ಶಾಯಿಗೆ ಅದ್ದಿ ಒತ್ತಿದರು. ಇವರು ಸಾಕ್ಷಿ.

ಇನ್ನು 34 ದಿನ.

ಮಾರ್ಚ್ 12, ಬುಧವಾರ

ಬೆಳ್ಳಿಯ ಹೊಳಪು ಬೇಕಿದ್ದರೆ ಮೊದಲು ಕಪ್ಪು ಬಳಿಯಬೇಕು. ಇದು ನನಗೆ ತಿಳಿದಿರಲಿಲ್ಲ. ಕನ್ನಡಿಯಂಥ ಕಪ್ಪು, ಅದರಲ್ಲಿ ಮುಖ ಕಾಣಬೇಕು. ಅದರ ಮೇಲೆ ಲೋಹದ ಬಣ್ಣವನ್ನು ತೆಳ್ಳಗೆ, ಹೆಚ್ಚುಕಡಿಮೆ ಉಸಿರಿನಷ್ಟು ತೆಳ್ಳಗೆ ಬಿಡಬೇಕು. ಬಣ್ಣ ಊದುವ ಸಾಧನ ಪೆನ್ನಿನಂತಿದೆ. ಏರ್‌ಬ್ರಷ್ ಎನ್ನುತ್ತಾರೆ. ಹಿಂದಿನಿಂದ ಒಂದು ಪುಟ್ಟ ಗಾಳಿಯಂತ್ರ ಗುರುಗುಡುತ್ತದೆ.

ವಿಮಾನ ಮುಟ್ಟಲು ನನಗಿನ್ನೂ ಅಪ್ಪಣೆಯಿಲ್ಲ. ಪ್ಲಾಸ್ಟಿಕ್ ಚಮಚಗಳ ಮೇಲೆ ಅಭ್ಯಾಸ.

ಮೊದಲನೆಯ ಚಮಚ: ಧೂಳು. ಎರಡನೆಯದು: ಬಣ್ಣ ಇಳಿದು ಮೂಗು ಸೋರಿದ ಹಾಗಾಯಿತು. ಮೂರನೆಯದನ್ನು ಭಾವ ಬಹಳ ಹೊತ್ತು ನೋಡಿ, “ಚರಂಡಿ ಮುಚ್ಚಳ ಬೇಕಾದ್ರೆ ಇದು ಸರಿ,” ಎಂದರು.

“ಕರಾರಿನಲ್ಲಿ ಗೇಲಿ ಇಲ್ಲ ಭಾವ.”

“ಇದು ಗೇಲಿ ಅಲ್ಲ. ವರದಿ.”

ಇನ್ನು 31 ದಿನ.

ಮಾರ್ಚ್ 14, ಶುಕ್ರವಾರ

ಹನ್ನೊಂದನೆಯ ಚಮಚ!

ಹೇಗೆ ಬರೆಯಲಿ. ಕಪ್ಪು ಚಮಚ, ಅದರ ಮೇಲೆ ಮೂರು ಸಲ ಊದಿದೆ, ನಾಲ್ಕನೆಯ ಸಲಕ್ಕೆ ಅದು ಪ್ಲಾಸ್ಟಿಕ್ ಆಗಿ ಉಳಿಯಲಿಲ್ಲ. ತಣ್ಣಗಾಯಿತು. ತೂಕ ಬಂತು. ನಿಜವಾಗಿ ತೂಕವೇನೂ ಬದಲಾಗಿಲ್ಲ, ಅಡುಗೆಮನೆಯ ತಕ್ಕಡಿಯಲ್ಲಿಟ್ಟು ನೋಡಿದೆ. ಆದರೂ ಬಂತು. ಕಿಟಕಿಯ ಬೆಳಕು ಅದರ ಹೊಟ್ಟೆಯ ಮೇಲೆ ಉದ್ದಕ್ಕೆ ಮಲಗಿತು. ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಏನಾಯಿತೋ ಎಂದು ಭಾವ ಪ್ಲಾಸ್ಟರ್ ಕೈಯಲ್ಲೇ ಬಾಗಿಲು ತಳ್ಳಿಕೊಂಡು ಬಂದರು.

ಸಂಜೆ ಇವರು ಕೆಲಸದಿಂದ ಬಂದು ಅದೇ ಚಮಚದಲ್ಲಿ ಟೀ ಕಲಕಿ, ಅದನ್ನು ನೆಕ್ಕಿದರು.

“ಸ್ಟೀಲ್ ಚಮಚ ಇಷ್ಟು ಹಗುರ ಯಾಕಿದೆ?” ಎಂದರು.

ಭಾವ, ನಾನು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇವರ ತುಟಿಗೆ ಬೆಳ್ಳಿ ಹತ್ತಿತ್ತು. ಮೋಸ ಹೋದವರ ತುಟಿಗಿಂತ ದೊಡ್ಡ ಪ್ರಶಸ್ತಿ ಇಲ್ಲವಂತೆ, ಭಾವ ಹೇಳಿದರು.

ಇನ್ನು 29 ದಿನ.

ಮಾರ್ಚ್ 18, ಮಂಗಳವಾರ

ಮುದುಕಿಗೆ ಕಪ್ಪು ಹಚ್ಚಿಯಾಯಿತು. ನಯವಾದ ಉಪ್ಪುಕಾಗದವನ್ನು ನೀರಿನಲ್ಲಿ ಅದ್ದಿ ಎರಡು ದಿನ ಉಜ್ಜಿದೆ. ಈಗ ಅವಳ ರೆಕ್ಕೆಯಲ್ಲಿ ನನ್ನ ಹುಬ್ಬು ಎಣಿಸಬಹುದು.

ಮನೆಯಲ್ಲಿ ಹೊಸ ಕಾನೂನು: ಫ್ಯಾನ್ ಹಾಕಬಾರದು. ಹೊದಿಕೆ ಕೊಡವಬಾರದು. ಸೀನು ಬಂದರೆ ಮೆಟ್ಟಿಲ ಹತ್ತಿರ ಹೋಗಬೇಕು. ಇವರು ಇಂದು ಎರಡು ಸಲ ಹೋದರು.

ಅಂಚುಗಳಿಗೆ ಅಂಟಿಸುವ ಟೇಪನ್ನು ಮೊದಲು ಸ್ವಂತ ಚರ್ಮಕ್ಕೆ ಹಚ್ಚಿ ಕೀಳಬೇಕು. ಆಗ ಅಂಟು ಮೆತ್ತಗಾಗಿ ಬಣ್ಣ ಎದ್ದು ಬರುವುದಿಲ್ಲ. ಮೊಣಕೈವರೆಗೆ ಟೇಪು, ತಲೆಗೆ ಸ್ನಾನದ ಟೋಪಿ, ಮೂಗಿಗೆ ಮುಸುಕು. ಹಾಗೇ ಹೋಗಿ ಬಾಗಿಲು ತೆರೆದೆ. ಕರಡು ತಂದ ಕೊರಿಯರಿನವನು ಲಕೋಟೆಯನ್ನು ನೆಲದ ಮೇಲಿಟ್ಟು, ನಿಧಾನವಾಗಿ ಹಿಂದೆ ಸರಿದು ಹೋದ.

25 ದಿನ ಇರಬೇಕು.

ಮಾರ್ಚ್ 22, ಶನಿವಾರ

ಇಡೀ ಮೈಗೆ ಅಲ್ಯೂಮಿನಿಯಂ ಬಣ್ಣ ಹತ್ತಿತು. ನನ್ನ ಕಣ್ಣಿಗೆ ಕೆಲಸ ಮುಗಿದಿತ್ತು. ಭಾವನ ಪ್ರಕಾರ ಈಗ ಶುರು.

“ಇಡೀ ವಿಮಾನ ಒಂದೇ ಬಣ್ಣ ಇದ್ರೆ ಅದು ಆಟದ ಸಾಮಾನು. ತಗಡಿಗೂ ಬಟ್ಟೆ ಹಾಗೆ ದಿಕ್ಕು ಇರುತ್ತಮ್ಮ. ಉದ್ದಕ್ಕೆ ಕತ್ತರಿಸಿದ್ದು ಬೆಳ್ಳಗೆ ಕಾಣುತ್ತೆ, ಅಡ್ಡ ಕತ್ತರಿಸಿದ್ದು ಮಂಕಾಗಿ. ಹಳೇದು ಬೂದು, ಹೊಸದು ನೀಲಿ. ಒಂದೊಂದು ತಗಡಿಗೆ ಟೇಪು ಕಟ್ಟು, ಒಂದೊಂದು ಬಣ್ಣ ಬಿಡು.”

“ಎಷ್ಟು ತಗಡು?”

“ನೂರಾ ಹದಿನಾಲ್ಕು.”

ನನಗೆ ಕಣ್ಣು ಕತ್ತಲೆ ಬರಬೇಕಿತ್ತು. ‘ಯಾವುದರಿಂದ ಶುರು?’ ಎಂದು ಕೇಳಿದೆನಂತೆ.

ಮಾರ್ಚ್ 25, ಮಂಗಳವಾರ

ಎಂಜಿನ್ನಿನ ಹೊಗೆಕೊಳವೆಯ ಸುತ್ತ ಬಿಸಿಯಿಂದ ಲೋಹ ಬಣ್ಣ ತಿರುಗುತ್ತದೆ. ಮೊದಲು ಒಣಹುಲ್ಲು, ಆಮೇಲೆ ಜೇನು, ಆಮೇಲೆ ನೇರಳೆ, ಕೊನೆಗೆ ನವಿಲಿನ ಕೊರಳಿನ ನೀಲಿ. ಕಾಲು ಇಂಚಿನೊಳಗೆ ಇಷ್ಟೂ ಬರಬೇಕು. ಬಂದಿತು! ಮುಖ ತೊಳೆಯುವಾಗ ನಲ್ಲಿಯ ಬುಡ ನೋಡಿದೆ, ಅಲ್ಲೂ ಇದೆ. ಕೆಟಲಿನ ತಳದಲ್ಲಿದೆ. ಬಸ್ಸಿನ ಸೈಲೆನ್ಸರಿನಲ್ಲಿ ಎಷ್ಟೊಂದು ನೇರಳೆ! ಬಗ್ಗಿ ನೋಡುತ್ತಿದ್ದೆ, ಬಸ್ಸು ಹೊರಟೇ ಹೋಯಿತು. ಹತ್ತಬೇಕಿದ್ದುದು ಅದಕ್ಕೇ. ಇಷ್ಟು ವರ್ಷ ನಾನು ಯಾವ ಕಣ್ಣಿನಿಂದ ಈ ಊರಿನಲ್ಲಿ ಓಡಾಡಿದೆನೋ.

ಕರಾರಿನ ಒಂದು ಗಂಟೆ ಇಂದು ಐದಾಯಿತು. ಗಾಳಿಯಂತ್ರ ಬಿಸಿಯಾಗದಂತೆ ನಡುವೆ ನಿಲ್ಲಿಸಬೇಕಾದ್ದರಿಂದ ಹಾಗಾಗುತ್ತದೆ, ಬೇರೇನಿಲ್ಲ. ಕರಡು ಎರಡು ದಿನ ತಡ. ಹನ್ನೆರಡು ವರ್ಷದಲ್ಲಿ ಮೊದಲ ಸಲ. ಪ್ರೆಸ್ಸಿನವರು ಫೋನ್ ಮಾಡಿ ಆರೋಗ್ಯ ವಿಚಾರಿಸಿದರು.

ಮಾರ್ಚ್ 27, ಗುರುವಾರ

ಮಧ್ಯಾಹ್ನ ಭಾವ ಮಲಗಿದ್ದರು. ಮೊದಲ ಬಾರಿಗೆ ಮುದುಕಿಯನ್ನು ದೂರದಿಂದ ನೋಡಿದೆ. ಎಡ ರೆಕ್ಕೆಯಲ್ಲಿ ಏಳು ಬಗೆಯ ಬೂದು, ಬಲ ರೆಕ್ಕೆಯಲ್ಲಿ ನಾಲ್ಕು. ಬಾಗಿಲ ಕೆಳಗಿನ ತಗಡು ಕೊಳಕು ಹಳದಿ. ಒಂದೇ ಪುಟದಲ್ಲಿ ಹತ್ತು ಅಳತೆಯ ಅಕ್ಷರ ಸೇರಿಕೊಂಡ ಹಾಗಿತ್ತು. ಬೇರೆ ಬೇರೆ ಇರಲಿ ಎಂದಿದ್ದರು ಭಾವ, ಆದರೆ ಇಷ್ಟು ಬೇರೆ ಇರಲಾರದು; ಬಣ್ಣ ಬೆರೆಸುವಾಗ ನಾನೇ ಎಲ್ಲೋ ತಪ್ಪಿದ್ದೇನೆ ಎನ್ನಿಸಿತು. ತಪ್ಪು ಕಂಡ ಮೇಲೆ ಬಿಡುವುದು ನನ್ನಿಂದಾಗದು.

ಮೇಲಿಂದ ಮೇಲೆ, ಇಡೀ ಮೈಗೆ, ಒಂದೇ ಬೆಳ್ಳಿಯನ್ನು ಮಂಜಿನಂತೆ ಬಿಟ್ಟೆ. ಹತ್ತು ನಿಮಿಷ. ಎಲ್ಲವೂ ಒಂದಕ್ಕೊಂದು ಹೊಂದಿಕೊಂಡಿತು. ಕೈ ಅಲುಗಲಿಲ್ಲ, ಒಂದು ಕೂದಲು ಬೀಳಲಿಲ್ಲ. ನಾನು ಮಾಡಿದ್ದರಲ್ಲೇ ಅತ್ಯುತ್ತಮ ಕೆಲಸ. ಹೊಳೆಯುತ್ತಿದೆ.

ಭಾವ ಏಳಲಿ, ಎಷ್ಟು ಖುಷಿಪಡುತ್ತಾರೋ.

ಮಾರ್ಚ್ 28, ಶುಕ್ರವಾರ

ನೋಡಿದರು. ಮೆತ್ತಗಿನ ದನಿಯಲ್ಲಿ “ಚೆನ್ನಾಗಿದೆ” ಎಂದರು. ಅವರಿಗೆ ಮೆತ್ತಗಿನ ದನಿಯೂ ಇದೆ ಎಂದು ಗೊತ್ತಿರಲಿಲ್ಲ.

“ಆ ಹಳದಿ ತಗಡು ನಾನು ಹಾಕಿದ್ದಮ್ಮ. ಸಾಮಾನು ಗಾಡಿ ಗುದ್ದಿತ್ತು. ಎಡ ರೆಕ್ಕೆಗೆ ಆಲಿಕಲ್ಲು ಬಿದ್ದ ವರ್ಷ ಏಳು ಜನ ಏಳು ತಗಡು ಹಾಕಿದ್ವಿ. ಇರಲಿ ಬಿಡು. ಮ್ಯಾನೇಜರ್ ತಂದಿರೋದೂ ಹೀಗೇ ಇದೆ. ಅದನ್ನೇ ಇಡ್ಲಿ.”

ಮಾರ್ಚ್ 30, ಭಾನುವಾರ

ಮನೆ ನಿಶ್ಶಬ್ದವಾಗಿದೆ. ಭಾವ ಕರಾರನ್ನು ಅಕ್ಷರಶಃ ಪಾಲಿಸುತ್ತಿದ್ದಾರೆ. ಮೂಗು ಕೆರೆಯಲಿಕ್ಕೂ ಕರೆಯಲಿಲ್ಲ; ಬಾಗಿಲ ಚೌಕಟ್ಟಿಗೆ ಉಜ್ಜಿಕೊಳ್ಳುತ್ತಿದ್ದರು.

ನಾಲ್ಕು ಕರಡು ಮುಗಿಸಿದೆ. ಒಂದರಲ್ಲಿ ಸೊನ್ನೆ ಬಿಟ್ಟೆ. ಪ್ರೆಸ್ಸಿನವರು ಹಿಡಿದರು.

ಮಾರ್ಚ್ 31, ಸೋಮವಾರ

ಬೆಳಿಗ್ಗೆ ಆರಕ್ಕೆ ಎದ್ದು ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒರೆಸಲು ಕೂತೆ. ಬೆಳ್ಳಿಯೆಲ್ಲ ಹೋಗಿ ಕಪ್ಪು ಕಾಣುವವರೆಗೆ, ಮೂಗಿನಿಂದ ಬಾಲದವರೆಗೆ. ಎಂಟೂವರೆಗೆ ಮುಗಿಯಿತು. ಹೋಗಿ ಭಾವನ ಕೋಣೆಯ ಪರದೆ ಸರಿಸಿದೆ.

“ಭಾವ, ಏಳಿ. ಎಡ ರೆಕ್ಕೆ, ಬುಡದಿಂದ ಮೊದಲನೇ ತಗಡು. ಯಾರು ಹಾಕಿದ್ದು, ಯಾವಾಗ, ಯಾವ ಬಣ್ಣ?”

“ಈಗ್ಲಾ? ಟೀ ಕೂಡ ಕುಡಿದಿಲ್ವಲ್ಲಮ್ಮ.”

“ತಗಡಿಗೆ ಒಂದು ಗುಟುಕು. ಹೇಳಿ.”

ಅವರು ಎದ್ದು ಬಂದು ಕಪ್ಪು ಮುದುಕಿಯನ್ನು ನೋಡಿದರು. ಆಮೇಲೆ ನನ್ನನ್ನು. ನನ್ನ ಮುಖದಲ್ಲೂ ಕಪ್ಪು ಇತ್ತಂತೆ.

“ಇನ್ನು ಹದಿನೇಳು ದಿನ ಇದೆ ಅಷ್ಟೇ ತಾಯಿ. ಹುಚ್ಚಾ ನಿಂಗೆ?”

“ಮೊದಲನೇ ತಗಡು ಭಾವ.”

ಟೀ ತಣ್ಣಗಾಗುವಷ್ಟರಲ್ಲಿ ಒಂಬತ್ತು ತಗಡು ಹೇಳಿದರು. ಗೋಡೆಯಾಚೆಯ ಮನೆಯವರು ಏನು ಗಲಾಟೆ ಎಂದು ಕೇಳುವಷ್ಟು ಗಟ್ಟಿಯಾಗಿ.

ಏಪ್ರಿಲ್ 5, ಶನಿವಾರ

ಎಪ್ಪತ್ತೊಂದು ತಗಡು ಆಯಿತು! ಎಲ್ಲಾ ಬೇರೆ ಬೇರೆ, ಒಂದಕ್ಕೊಂದು ಹೊಂದುವುದೇ ಇಲ್ಲ, ಎಂಥ ಚೆಂದ!

ಬಾಗಿಲ ಕೆಳಗಿನದು: ಸಾಮಾನು ಗಾಡಿ ಓಡಿಸುತ್ತಿದ್ದವನು ಟಿಕೆಟ್ ಕೌಂಟರಿನ ಹುಡುಗಿಗೆ ಕೈಬೀಸುತ್ತ ಬಂದು ಗುದ್ದಿದ್ದು. ಆಮೇಲೆ ಅವಳನ್ನೇ ಮದುವೆಯಾದ. ಮೂಗಿನ ಬಲಭಾಗ: ದೊಡ್ಡ ಹಕ್ಕಿ. ಎಡ ರೆಕ್ಕೆಯ ಆರನೆಯದು: ಇಬ್ಬರು ಜಗಳವಾಡಿ ಮಾತು ಬಿಟ್ಟಿದ್ದಾಗ ಆ ಕಡೆಯಿಂದ ಒಬ್ಬ ಈ ಕಡೆಯಿಂದ ಒಬ್ಬ ರಿವೆಟ್ ಹೊಡೆದದ್ದು, ಅದಕ್ಕೇ ಸಾಲು ನಡುವೆ ಸೊಟ್ಟ. ಸೊಟ್ಟವನ್ನು ಸೂಜಿಯಿಂದ ಗೀರಿ ತೋರಿಸಿದೆ. ಭಾವ ಕುರ್ಚಿಯಿಂದ ಬೀಳುವಷ್ಟು ನಕ್ಕರು.

ಇವರು ಊಟಕ್ಕೆ ಕರೆದರು. ಮೊದಲನೇ ಸಲ ಕರೆದದ್ದು ನಮಗೆ ಕೇಳಿಸಲಿಲ್ಲ. ಮೂರನೆಯ ಸಲಕ್ಕೆ ತಟ್ಟೆ ಹಿಡಿದುಕೊಂಡೇ ಬಂದು, “ಅಣ್ಣನ ಬಾಯಿಗೆ ನಾನು ಹಾಕ್ತೀನಿ, ನಿನ್ನ ಬಾಯಿಗೆ ಯಾರು ಹಾಕ್ಬೇಕು?” ಎಂದರು. ಬಲ ರೆಕ್ಕೆ ಒಣಗುವವರೆಗೆ ನನ್ನ ಕೈಗೆ ಬಿಡುವಿರಲಿಲ್ಲ. ಇಬ್ಬರಿಗೂ ಹಾಕಿದರು.

ಏಪ್ರಿಲ್ 12, ಶನಿವಾರ

ಆಸ್ಪತ್ರೆಗೆ ಹೋಗಬೇಕಿತ್ತೆಂದು ಇವರು ನೆನಪಿಸಿದರು. ಪ್ಲಾಸ್ಟರ್ ಬಿಚ್ಚಿದರು. ತೊಂಬತ್ತೆಂಟು ತಗಡು ಆಗಿದೆ.

ಏಪ್ರಿಲ್ 14, ಸೋಮವಾರ

ಭಾವನ ಕೈ ಸಣಕಲಾಗಿದೆ, ಸಿಪ್ಪೆ ಸುಲಿದಷ್ಟು ಬಿಳಿ. ಏರ್‌ಬ್ರಷ್ಷನ್ನು ಅವರ ಕೈಗಿತ್ತೆ. ಇತ್ತೆ ಎಂದರೆ, ತೊಳೆದು, ಒರೆಸಿ, ಇನ್ನೊಮ್ಮೆ ಒರೆಸಿ, ಆಮೇಲೆ. ಅವರು ಒಂದು ಚಮಚದ ಮೇಲೆ ಊದಿ ನೋಡಿದರು. ಕೈ ನಡುಗಿ ಚಮಚದ ಜೊತೆ ಮೇಜಿಗೂ ಬೆಳ್ಳಿ ಬಂತು.

“ಚರಂಡಿ ಮುಚ್ಚಳ,” ಎಂದೆ.

“ಇದು ಗೇಲಿ.”

“ವರದಿ ಭಾವ.”

ಅವರು ನಗಲಿಲ್ಲ. ಬೆರಳು ಮಡಚಿ ಬಿಡಿಸಿ ನೋಡಿಕೊಂಡರು. ಆಮೇಲೆ ಏರ್‌ಬ್ರಷ್ಷನ್ನು ನನ್ನ ಕಡೆ ತಳ್ಳಿದರು. “ಇನ್ನೊಂದು ತಿಂಗಳು ಇವು ಬರಲ್ಲ. ನನ್ನ ಕೈ ಈಗ ನಿನ್ನ ಹತ್ರಾನೇ ಇರೋದು. ಮುಗಿಸು. ಆಮೇಲೆ ವಾಪಸ್ ಕೊಡ್ತೀಯ ತಾನೆ?”

“ನೋಡೋಣ.”

ಏಪ್ರಿಲ್ 16, ಬುಧವಾರ

ಮುಗಿಯಿತು. ಒಣಗುತ್ತಿದೆ. ಮನೆಯಲ್ಲಿ ಯಾರೂ ಉಸಿರಾಡಬಾರದು.

ಏಪ್ರಿಲ್ 17, ಗುರುವಾರ

ಮುದುಕಿಯನ್ನು ಪೆಟ್ಟಿಗೆಯಲ್ಲಿಟ್ಟು ಬಸ್ಸಿನಲ್ಲಿ ಮಡಿಲ ಮೇಲೆ ಹೊತ್ತುಕೊಂಡು ಹೋದೆ. ತಿರುವು ಬಂದಾಗಲೆಲ್ಲ ಭಾವ ಎದ್ದು ನಿಂತು ಡ್ರೈವರನಿಗೆ ಬುದ್ಧಿ ಹೇಳಿದರು.

ಶೆಡ್ಡಿನ ಬಾಗಿಲಲ್ಲಿ ಮೂವತ್ತು ಜನ. ಗಾಜಿನ ಪೆಟ್ಟಿಗೆಯಲ್ಲಿ ಆಗಲೇ ಮದುಮಗಳು ಕೂತಿದ್ದಳು. ಮ್ಯಾನೇಜರು ನಮ್ಮದನ್ನು ಪಕ್ಕದಲ್ಲಿಡಿಸಿ, ಎರಡನ್ನೂ ನೋಡಿ, “ಕಷ್ಟಪಟ್ಟಿದ್ದೀರಿ, ನಿಜ. ಆದ್ರೆ ಸ್ವಲ್ಪ ಕೊಳೆ ಕಾಣುತ್ತಲ್ಲ? ಅಲ್ಲಲ್ಲಿ ತೇಪೆ ಹಚ್ಚಿದ ಹಾಗಿದೆ. ಒರೆಸಿದ್ರೆ ಹೋಗುತ್ತಾ?” ಎಂದು ಜೇಬಿನಿಂದ ಕರವಸ್ತ್ರ ತೆಗೆದರು.

ಅಪರಿಚಿತರ ಮುಂದೆ ಮಾತಾಡುವುದು ನನ್ನ ಸ್ವಭಾವವಲ್ಲ. ಕರವಸ್ತ್ರ ಹತ್ತಿರ ಬಂದದ್ದರಿಂದ ಅಡ್ಡ ನಿಂತು ಎಡ ರೆಕ್ಕೆಯ ಬಗ್ಗೆ ಒಂದೆರಡು ಮಾತು ಹೇಳಿದೆ, ಅಷ್ಟೇ. ಕಾಲು ಗಂಟೆ ಹೇಳಿದೆ ಎನ್ನುತ್ತಾರೆ ಭಾವ. ಉತ್ಪ್ರೇಕ್ಷೆ ಅವರ ಅಭ್ಯಾಸ. ಆರನೇ ತಗಡಿನ ಸೊಟ್ಟ ಸಾಲಿಗೆ ಬಂದಾಗ ಹಿಂದಿನಿಂದ ಒಬ್ಬ, “ಅದು ನಾನು! ಈ ಕಡೆಯಿಂದ ಹೊಡೆದಿದ್ದು ನಾನು!” ಎಂದ. “ಸೊಟ್ಟ ಆಗಿದ್ದು ನಿನ್ನ ಕಡೆಯಿಂದ,” ಎಂದ ಇನ್ನೊಬ್ಬ. ಅಲ್ಲಿಂದ ಯಾರ ಮಾತೂ ಯಾರಿಗೂ ಕೇಳಿಸಲಿಲ್ಲ. ಮೂವತ್ತು ಜನ ಗಾಜಿಗೆ ಮುಗಿಬಿದ್ದರು. ಇದು ನಂದು. ಇದು ನಂದು, ಹಕ್ಕಿದು. ಏಯ್, ಆ ಹಳದಿ ನೋಡ್ರೋ, ಗುದ್ದಿದ್ದು ನಾನೇ, ನನ್ನ ಹೆಂಡ್ತಿಗೆ ಫೋಟೋ ತೆಗೀರಿ!

ಮ್ಯಾನೇಜರು ಕರವಸ್ತ್ರವನ್ನು ಮಡಚಿ ಜೇಬಿಗಿಟ್ಟುಕೊಂಡರು. ಮದುಮಗಳನ್ನು ಅವರೇ ಹೊರಗೆ ತೆಗೆದು ತಮ್ಮ ಮೇಜಿಗೆ ಒಯ್ದರು. ಬೀಗ ಬಿತ್ತು. ಒಳಗೆ ನಮ್ಮ ಮುದುಕಿ.

ತನ್ನದೆನ್ನಲು ತಗಡು ಸಿಗದೆ ಕೊನೆಗೆ ಉಳಿದವನು ಶೆಡ್ಡಿನ ಹಿರಿಯ, ದೊಡ್ಡ ದನಿಗಾಗಿ ‘ಗಂಟಲಣ್ಣ’ ಎಂದು ಹೆಸರಾದವನು. ಅವನ ಪಕ್ಕದಲ್ಲಿ ಭಾವ ಪಿಸುಮಾತಿನವರು. ಬಾಲದ ಹತ್ತಿರ ಒಂದು ಚೌಕ ಕಂದು ತಗಡನ್ನು ಬಹಳ ಹೊತ್ತು ನೋಡಿ, “ಇದು ನಾನು ಹಾಕಿದ್ದು,” ಎಂದ. “ಮಳೇಲಿ. ಹೆಬ್ಬೆರಳು ಹರಿದು ರಕ್ತ ಸೋರ್ತಿತ್ತು. ಬಿಡ್ಲಿಲ್ಲ, ಹಾಕೇ ಹಾಕ್ದೆ.” ಕಣ್ಣು ಒದ್ದೆಯಾಗಿತ್ತು. ಸುತ್ತ ನಿಂತವರೆಲ್ಲ ತಲೆಯಾಡಿಸಿದರು. “ಹೌದು, ಇವನೇ ಹಾಕಿದ್ದು,” ಎಂದರು ಭಾವ.

ಇಲ್ಲಿ ಮಾತ್ರ ಬರೆಯುತ್ತೇನೆ: ಆ ತಗಡನ್ನು ನನಗೆ ಯಾರೂ ಹೇಳಿದ್ದಲ್ಲ. ಮಂಗಳವಾರ ಮಧ್ಯಾಹ್ನ ಭಾವ ಮಲಗಿದ್ದಾಗ ಏರ್‌ಬ್ರಷ್ ಕೆಮ್ಮಿ ಅಲ್ಲೊಂದು ಕಲೆ ಉಗುಳಿತು. ಒರೆಸಲು ಹೊತ್ತಿರಲಿಲ್ಲ. ಸುತ್ತ ಟೇಪು ಕಟ್ಟಿ, ಕಲೆಯನ್ನೇ ಚೌಕ ಮಾಡಿ, ತಗಡೆಂದು ನಂಬಿಸಿಬಿಟ್ಟೆ. ಗಂಟಲಣ್ಣನಿಗೆ ಸರಿಯಾಗಿ ಕಾಣಲೆಂದು ಪಕ್ಕಕ್ಕೆ ಸರಿದೆ.

ವಾಪಸು ಬಸ್ಸಿನಲ್ಲಿ ತಡೆಯಲಾಗಲಿಲ್ಲ.

“ಭಾವ, ಗಂಟಲಣ್ಣ ಹಾಕಿದ ಆ ತಗಡು…”

“ಅವನೆಲ್ಲಿ ಹಾಕ್ತಾನೆ! ಅವನು ಚಕ್ರ ಬದಲಾಯಿಸೋನು. ಹುಟ್ಟಿದಾಗಿನಿಂದ ಒಂದು ರಿವೆಟ್ ಹೊಡೆದಿಲ್ಲ.”

“ಮತ್ತೆ ಎಲ್ಲರೂ ತಲೆ ಆಡಿಸಿದ್ರಿ?”

“ಮೂವತ್ತು ಜನಕ್ಕೂ ಒಂದೊಂದು ಸಿಕ್ತು. ಅವನಿಗೂ ಒಂದು ಇರಲಿ ಬಿಡು.”

“ಆದ್ರೆ ಅಲ್ಲಿ ತಗಡೇ ಇಲ್ಲ ಭಾವ. ಅದು ನಾನು…”

“ಗೊತ್ತು ಕಣಮ್ಮ. ಮಂಗಳವಾರ ನಾನೆಲ್ಲಿ ನಿದ್ದೆ ಮಾಡ್ತಿದ್ದೆ? ನೀನು ಬೈದ ಬೈಗುಳ ಕೇಳಿದ ಮೇಲೆ ಯಾರಿಗೆ ನಿದ್ದೆ ಬರುತ್ತೆ? ಎಲ್ಲಿ ಕಲಿತೆ ಅದನ್ನ?”

“ನಿಮ್ಮ ಹತ್ರಾನೇ.”

ಯಾರು ಮೊದಲು ನಗಲು ಶುರು ಮಾಡಿದರೋ ತಿಳಿಯದು. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿ ಕಾರಣ ಗೊತ್ತಿಲ್ಲದೆ ತಾನೂ ನಕ್ಕಳು. ನಮ್ಮ ನಿಲ್ದಾಣ ಬಂತು, ಹೋಯಿತು. ಎರಡು ನಿಲ್ದಾಣ ಮುಂದೆ ಇಳಿದು ಹಿಂದಕ್ಕೆ ನಡೆದು ಬಂದೆವು. ಅರ್ಧ ಗಂಟೆಯ ದಾರಿ ಒಂದೂವರೆ ಗಂಟೆ ಹಿಡಿಯಿತು. ಇಬ್ಬರಲ್ಲಿ ಒಬ್ಬರು ‘ಮಳೇಲಿ, ಹೆಬ್ಬೆರಳು ಹರಿದು’ ಎಂದರೆ ಸಾಕು, ಇನ್ನೊಬ್ಬರು ಯಾರದೋ ಮನೆಯ ಗೋಡೆ ಹಿಡಿದು ನಿಲ್ಲಬೇಕಾಗುತ್ತಿತ್ತು.